ಅಕ್ಬರಸಾಬರು ಓದಲು ಕಲಿತ ದಣಿವು

ಹಂಸಭಾವಿಯ ಪ್ರೌಢಶಾಲೆಯಲ್ಲಿ ಅಕ್ಬರಸಾಬರು ಇಪ್ಪತ್ತಾರು ವರ್ಷದಿಂದ ಪಿ.ಟಿ. ಮಾಸ್ತರರು. ಹುಟ್ಟೂರು ಸವಣೂರು. ಅಪ್ಪ ಅಲ್ಲಿ ವೀಳ್ಯದೆಲೆಯ ಪಿಂಡಿ ಕಟ್ಟಿ ಮಾರಾಟಕ್ಕೆ ಕಳಿಸುತ್ತಿದ್ದರು. ಮಗ ಮಾತ್ರ ಓಟಕ್ಕೆ ಬಿದ್ದ. ಓಡಿ ಓಡಿ ಒಂದು ನೌಕರಿ ಹಿಡಿದ, ಹಂಸಭಾವಿಗೆ ಬಂದ, ಇಲ್ಲೇ ಉಳಿದ.

ಮಾಸ್ತರರ ಕಣ್ಣಿನಲ್ಲಿ ತಕ್ಕಡಿ ಇದೆ ಎಂದು ಊರಿನವರು ಹೇಳುತ್ತಿದ್ದರು. ಮುಂಜಾನೆ ಹುಡುಗಿಯೊಬ್ಬಳು ಪಾಟಿಚೀಲವನ್ನು ಕಟ್ಟೆಯ ಮೇಲೆ ಇಡುವ ರೀತಿ ನೋಡಿಯೇ ಅವಳನ್ನು ಇವತ್ತು ಎಷ್ಟು ಸುತ್ತು ಓಡಿಸಬೇಕೆಂದು ಅವರು ಲೆಕ್ಕ ಹಾಕುತ್ತಿದ್ದರು. ಚೀಲ ಧೊಪ್ಪನೆ ಬಿದ್ದರೆ ನಾಲ್ಕು ಸುತ್ತು, ಮೆಲ್ಲಗೆ ಕೂತರೆ ಎಂಟು. ಹಿಮ್ಮಡಿ ಎಳೆದು ನಡೆದರೆ ಓಟವೇ ಇಲ್ಲ, ನೆರಳಲ್ಲಿ ಕೂತು ಬೆಲ್ಲ ತಿನ್ನಬೇಕು. ಅವರ ಬಳಿ ಇದ್ದದ್ದು ಒಂದು ಸೀಟಿ, ಒಂದು ಹಳೆಯ ಸ್ಟಾಪ್‌ವಾಚು, ಮತ್ತೆ ಆ ಕಣ್ಣು. ಅಷ್ಟರಲ್ಲೇ ಹನ್ನೊಂದು ಮಕ್ಕಳನ್ನು ರಾಜ್ಯಮಟ್ಟಕ್ಕೆ ಕಳಿಸಿದ್ದರು.

ಹಾಗೆ ಹೋದವರಲ್ಲಿ ತನ್ವೀರ ಒಬ್ಬ. ಈಗ ಶಿಗ್ಗಾಂವಿಯಲ್ಲಿ ಜಿಮ್ ನಡೆಸುತ್ತಿದ್ದ. ಜೂನ್ ತಿಂಗಳ ಒಂದು ದಿನ ಐದು ಕೈವಾಚುಗಳಿದ್ದ ಡಬ್ಬಿ ಹಿಡಿದು ಮೈದಾನಕ್ಕೆ ಬಂದ. ಹಳ್ಳಿಯ ಓಟಗಾರ್ತಿಯರ ಮೈ ಹೇಗೆ ದಣಿಯುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂದು ಅವನ ಗೆಳೆಯರ ಗುಂಪೊಂದು ಮಾಹಿತಿ ಕೂಡಿಸುತ್ತಿತ್ತಂತೆ. ಕ್ರೀಡಾಕೂಟಗಳು ಮುಗಿಯುವವರೆಗೆ ಐವರು ಹುಡುಗಿಯರು ಹಗಲೂ ರಾತ್ರಿಯೂ ವಾಚು ಕಟ್ಟಿಕೊಳ್ಳಬೇಕು. ಮುಂಜಾನೆ ಅವರು ಮೈದಾನಕ್ಕೆ ಬಂದೊಡನೆ ಅಂಕಿಗಳೆಲ್ಲ ಮಾಸ್ತರರ ಫೋನಿನಲ್ಲಿ ಮೂಡುವಂತೆ ಅವನು ಹೊಂದಿಸಿಕೊಟ್ಟ.

"ಸರ್, ರಾತ್ರಿ ಮಲಗಿದಾಗ ಎದಿ ಹ್ಯಾಂಗ ಬಡಿತೈತಿ, ನಿದ್ದಿ ಎಷ್ಟಾತು, ಎಲ್ಲಾ ನೋಡ್ತೈತ್ರಿ ಇದು. ಆಮ್ಯಾಲ ಮುಂಜಾನೆ ನೂರಕ್ಕ ಒಂದು ಅಂಕಿ ಕೊಡ್ತೈತಿ. ಮೈಯಾಗ ಶಕ್ತಿ ಎಷ್ಟು ತುಂಬೇತಿ ಅಂತ. ಹಸರ ಬಂದ್ರ ಓಡಸ್ರಿ, ಹಳದಿ ಬಂದ್ರ ಸಾವಕಾಶ, ಕೆಂಪ ಬಂದ್ರ ಬಿಟ್ಟಬಿಡ್ರಿ."

"ಅದನ್ನ ಹೇಳಾಕ ನನಗ ವಾಚ್ ಬೇಕೇನಲೇ? ನಿನ್ನ ಮಾರಿ ನೋಡೇ ಹೇಳ್ತಿದ್ನಲ್ಲೋ."

"ಹೌದ್ರಿ ಸರ್. ಆದ್ರ ಓಟ ತಪ್ಪಸಾಕ ನಾ ಎಷ್ಟ ಸಲ ಸುಳ್ಳ ಮಾರಿ ಮಾಡ್ಕೊಂಡ ಬರ್ತಿದ್ದೆ, ನಿಮಗ ಗೊತ್ತಿಲ್ಲ," ಎಂದು ತನ್ವೀರ ನಕ್ಕ.

ಮೊದಲ ವಾರವೇ ಎಡವಟ್ಟಾಯಿತು. ನುಜಹತ ಎಂಬ ಹುಡುಗಿಯ ಅಂಕಿ ಒಂದು ಮುಂಜಾನೆ ಒಂಬತ್ತಕ್ಕೆ ಬಂದು ನಿಂತಿತು. ಮಾಸ್ತರರು ಗಾಬರಿಯಾಗಿ ಅವಳನ್ನು ಮನೆಗೆ ಕಳಿಸಿದರು. ಸಂಜೆ ನೋಡಿದರೆ ಅವಳು ಮಾವಿನ ಮರ ಹತ್ತಿ ಕೂತಿದ್ದಳು. ವಾಚನ್ನು ಬಳೆಗಳ ಮೇಲೆ ಸಡಿಲವಾಗಿ ಕಟ್ಟಿ ಮಲಗಿದ್ದಳಂತೆ, ಅದಕ್ಕೆ ನಾಡಿಯೇ ಸರಿಯಾಗಿ ಸಿಕ್ಕಿರಲಿಲ್ಲ. ಇನ್ನೊಬ್ಬಳದು ದಿನಾಲು ನಲವತ್ತೈದರ ಆಸುಪಾಸು, ಆದರೂ ಜಿಂಕೆಯ ಹಾಗೆ ಓಡುತ್ತಿದ್ದಳು. ಅಕ್ಬರಸಾಬರು ಫೋನು ಮಾಡಿ ತನ್ವೀರನಿಗೆ ಬೈದರು.

"ಇಬ್ಬರ ಅಂಕಿ ಒಂದ ತಕ್ಕಡಿಯಾಗ ಹಾಕಬ್ಯಾಡ್ರಿ ಸರ್," ಎಂದ ಅವನು. "ಅಕಿನ್ನ ಅಕಿ ಜೋಡೀನ ತೂಗಬೇಕು. ಒಂದಿನ ಇಳಿದ್ರ ಏನೂ ಅಲ್ಲ, ಜ್ವರ ಇರಬಹುದು, ಮನ್ಯಾಗ ಜಗಳ ಆಗಿರಬಹುದು. ವಾರಗಟ್ಟಲೆ ಇಳಕೋಂತ ಹೊಂಟ್ರ ಆಗ ನೋಡ್ರಿ. ಆದ್ರ ಯಾಕ ಇಳಿದೈತಿ ಅಂತ ಮಾತ್ರ ಕೇಳಬ್ಯಾಡ್ರಿ. ಅದು ಎಷ್ಟು ಅಂತಷ್ಟ ಹೇಳ್ತೈತಿ, ಯಾಕ ಅಂತ ಹೇಳಾಂಗಿಲ್ಲ."

ಆ ಮಾತು ಮಾಸ್ತರರಿಗೆ ಹಿಡಿಸಿತು. ಆಮೇಲೆ ಅವರು ವಿದ್ಯಾರ್ಥಿಯ ಹಾಗೆ ಕಲಿಯತೊಡಗಿದರು. ಒಂದು ಸಂಗತಿಯಂತೂ ಅವರನ್ನು ಬೆರಗುಗೊಳಿಸಿತು. ಎದೆ ಗಡಿಯಾರದಂತೆ ಒಂದೇ ಸಮ ಬಡಿದರೆ ಒಳ್ಳೆಯದೆಂದು ಅವರು ತಿಳಿದಿದ್ದರು. ಹಾಗಲ್ಲವಂತೆ. ಚೆನ್ನಾಗಿ ವಿಶ್ರಾಂತಿ ಪಡೆದ ಎದೆಯಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ತುಸು ಹೆಚ್ಚು ಕಡಿಮೆಯಾಗುತ್ತಲೇ ಇರುತ್ತದೆ. ದಣಿದ ಎದೆಯೇ ಒಂದೇ ಸಮ ಬಡಿಯುವುದು. ಪಡಸಾಲೆಯಲ್ಲಿ ಕೂತು ತಮ್ಮ ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದರು. ಉಸಿರು ಎಳೆದಾಗ ನಾಡಿ ಚುರುಕು, ಬಿಟ್ಟಾಗ ನಿಧಾನ. ಖುಷಿಯಾಗಿ ಹೆಂಡತಿ ದಿಲ್ಶಾದರಿಗೆ ಹೇಳಿದರು.

"ಹಂಗಾರ ನಿಮ್ಮ ಗೊರಕಿ ಭಾಳ ಆರೋಗ್ಯ ಐತಿ ಬಿಡ್ರಿ," ಎಂದರು ದಿಲ್ಶಾದ. "ಒಂದ ದಿನಾನೂ ಒಂದ ಸಮ ಬರಂಗಿಲ್ಲ."

ಐವರಲ್ಲಿ ಮಾಸ್ತರರು ಹೆಚ್ಚು ಭರವಸೆ ಇಟ್ಟಿದ್ದು ಭಾಗ್ಯಶ್ರೀಯ ಮೇಲೆ. ಹತ್ತನೇ ಇಯತ್ತೆ. ಊರಿಂದ ಎರಡು ಕಿಲೋಮೀಟರು ಆಚೆ ಹೊಲದ ಮನೆ, ಅಲ್ಲಿಂದ ದಿನಾಲು ಓಡಿಯೇ ಬರುತ್ತಿದ್ದಳು. ಹಿಂದಿನ ವರ್ಷ ಜಿಲ್ಲಾ ಕೂಟದ ಮೂರು ಸಾವಿರ ಮೀಟರಿನಲ್ಲಿ ಮೂರನೆಯವಳಾಗಿ ಬಂದಿದ್ದಳು. ಮೊದಲ ಇಬ್ಬರಿಗಷ್ಟೇ ಮುಂದಿನ ಮಟ್ಟ. ಈ ಸಲ ಅವಳನ್ನು ತಡೆಯುವವರಿಲ್ಲ ಎಂದು ಅವರು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದರು.

ಜೂನಿನಲ್ಲಿ ಅವಳ ಅಂಕಿ ಎಪ್ಪತ್ತೆರಡು, ಎಪ್ಪತ್ತೈದು, ಎಪ್ಪತ್ತು. ದಿನವೂ ಹಸಿರು. ಜುಲೈ ಅರ್ಧ ಕಳೆದ ಮೇಲೆ ಅರವತ್ತೊಂದಕ್ಕೆ ಇಳಿಯಿತು. ಆಮೇಲೆ ನಲವತ್ತೆಂಟು. ಮೂವತ್ತೊಂಬತ್ತು. ಮೂವತ್ತೊಂದು.

ಅವಳು ಚೀಲ ಇಡುವ ರೀತಿ ಮಾತ್ರ ಬದಲಾಗಿರಲಿಲ್ಲ. ನಗು ಇತ್ತು, ಜಡೆ ನೆಟ್ಟಗಿತ್ತು. ತಮ್ಮ ಕಣ್ಣಿಗೆ ಇದು ಕಾಣಿಸಲಿಲ್ಲವಲ್ಲ ಎಂಬುದೇ ಮಾಸ್ತರರಿಗೆ ಮೊದಲು ಚುಚ್ಚಿತು. ಓಟ ಹೆಚ್ಚಾಗಿದೆ ಎಂದುಕೊಂಡು ಐದು ದಿನ ಬರೀ ನಡೆಸಿದರು. ಇಪ್ಪತ್ತೊಂಬತ್ತು, ಮೂವತ್ತಮೂರು, ಮತ್ತೆ ಇಪ್ಪತ್ತೆಂಟು. ಓಟದ ದಣಿವಾಗಿದ್ದರೆ ಅಷ್ಟೊತ್ತಿಗೆ ಏರಬೇಕಿತ್ತು. ಆಗ ಫೋನಿನಲ್ಲಿ ಅವಳ ನಿದ್ದೆಯ ಪಟ್ಟಿ ತೆರೆದರು. ಉಳಿದ ನಾಲ್ವರದು ಉದ್ದಕ್ಕೆ ಹಾಸಿದ ನೀಲಿ ಪಟ್ಟಿ. ಇವಳದು ಮಧ್ಯರಾತ್ರಿ ದಾಟಿದ ಮೇಲೆ ಹರಿದು ತುಂಡಾಗಿತ್ತು. ಎರಡು ಗಂಟೆಗೆ, ನಾಲ್ಕು ಗಂಟೆಗೆ, ದಿನವೂ ಅದೇ ಹೊತ್ತಿಗೆ.

ಮರುದಿನ ಮುಂಜಾನೆ ಅವಳನ್ನು ಕರೆದು ಕೇಳಿದರು. "ರಾತ್ರಿ ನಿದ್ದಿ ಮಾಡ್ತೀಯೇನವಾ?"

"ಮಾಡ್ತೇನ್ರಿ ಸರ್."

"ಎರಡಕ್ಕ ಎಚ್ಚರ ಇರ್ತಿ. ನಾಲ್ಕಕ್ಕೂ ಎಚ್ಚರ. ಫೋನ್ ನೋಡ್ಕೋಂತ ಕುಂದರ್ತೀಯೇನು?"

ಹುಡುಗಿ ತನ್ನ ಕೈಯ ವಾಚನ್ನು ನೋಡಿದಳು. ಚಾಡಿ ಹೇಳಿದವರನ್ನು ನೋಡುವ ಹಾಗೆ ನೋಡಿದಳು. "ಇದು ಅದನ್ನೂ ಹೇಳ್ತೈತೇನ್ರಿ ಸರ್?"

ಮಾಸ್ತರರಿಗೆ ನಾಚಿಕೆಯಾಯಿತು. ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿ ಸಿಕ್ಕಿಬಿದ್ದಂತಾಯಿತು. 

"ನಮ್ಮ ಆಯಿಗೆ ಹ್ವಾದ ತಿಂಗಳ ಲಕ್ವಾ ಹೊಡದೈತ್ರಿ," ಎಂದಳು ಅವಳೇ. ಆಯಿ ಎಂದರೆ ಅಪ್ಪನ ತಾಯಿ, ಹೊಳೆವ್ವ. "ಮಗ್ಗಲ ಹೊಳ್ಳಸಬೇಕ್ರಿ. ಇಲ್ಲಂದ್ರ ಬೆನ್ನಿಗೆ ಹುಣ್ಣ ಆಗ್ತಾವು."

ಆ ಭಾನುವಾರ ಅಕ್ಬರಸಾಬರು ಸೈಕಲ್ ಹತ್ತಿ ಅವರ ಮನೆಗೆ ಹೋದರು. ಸುತ್ತ ಎದೆಯುದ್ದದ ಗೋವಿನಜೋಳ, ನಡುವೆ ಎರಡು ಕೋಣೆಯ ಮನೆ. ಅಪ್ಪ ಮೈಲಾರಲಿಂಗಪ್ಪ ಗೂಡ್ಸ್ ಗಾಡಿಯ ಡ್ರೈವರ್. ವಾರದಲ್ಲಿ ನಾಲ್ಕು ರಾತ್ರಿ ರಸ್ತೆಯ ಮೇಲೆ. ಅವ್ವ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದರ ಹೂವಿಗೆ ಮುಟ್ಟಿಸುವ ಕೆಲಸ ಅದು. ಬೆಳಕು ಹರಿಯುವ ಮೊದಲೇ ಹೊಲದಲ್ಲಿರಬೇಕು, ಬಿಸಿಲೇರಿದರೆ ಹೂವು ಯಾರಿಗೂ ಕಾಯುವುದಿಲ್ಲ. ಹೊಳೆವ್ವ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಲಗೈ, ಬಲಗಾಲು ಸತ್ತಿದ್ದವು, ಮಾತು ತೊದಲಾಗಿತ್ತು. ಎರಡು ತಾಸಿಗೊಮ್ಮೆ ಹೊರಳಿಸಲೇಬೇಕೆಂದು ದವಾಖಾನೆಯ ನರ್ಸಮ್ಮ ಹೇಳಿದ್ದಳು. ಹನ್ನೆರಡರವರೆಗೆ ಅವ್ವನ ಪಾಳಿ, ಆಮೇಲೆ ಮಗಳದು.

"ಬರ್ರಿ ಸರ್, ಕುಂದರ್ರಿ," ಎಂದು ಮೈಲಾರಲಿಂಗಪ್ಪ ಚಾಪೆ ಹಾಸಿದ.

ಮಾಸ್ತರರು ಫೋನು ತೆರೆದು ತೋರಿಸಿದರು. ಜೂನಿನ ಹಸಿರು, ಜುಲೈನ ಹಳದಿ, ಈಗಿನ ಕೆಂಪು. ನಿದ್ದೆಯ ಹರಿದ ಪಟ್ಟಿ. ಮೈಲಾರಲಿಂಗಪ್ಪ ಬೆರಳಿನಿಂದ ಒಂದೊಂದೇ ದಿನ ಸರಿಸುತ್ತ ಬಹಳ ಹೊತ್ತು ನೋಡಿದ.

"ಕೆಂಪಂದ್ರ ಏನ್ರಿ ಸರ್?"

"ಮೈಯಾಗ ಶಕ್ತಿ ಉಳದಿಲ್ಲ ಅಂತ. ಅಕಿಗೆ ನಿದ್ದಿ ಬೇಕ್ರಿ. ಬ್ಯಾರೆ ಔಷಧ ಇಲ್ಲ ಇದಕ್ಕ."

"ಇದನ್ನ ಇಕಿ ಅವ್ವಗ ಕಟ್ಟಿದ್ರ ಯಾವ ಬಣ್ಣ ಬರ್ತೈತ್ರಿ?"

ಮೈಲಾರಲಿಂಗಪ್ಪ ಫೋನನ್ನು ತಿರುಗಿ ಮಾಸ್ತರರ ಕೈಗೆ ಕೊಟ್ಟ.

"ನನಗ ಕಟ್ಟಿದ್ರೂ ಅದ ಬರ್ತೈತಿ. ಸ್ಟೇರಿಂಗ್ ಮ್ಯಾಲ ಕಣ್ಣ ಮುಚ್ಚಿ ಮೊನ್ನೆ ಹಳ್ಳಕ್ಕ ಇಳಸ್ತಿದ್ದೆ. ಸಿಟ್ಟಿಗೆದ್ದ ಹೇಳಾಕತ್ತಿಲ್ರಿ ಸರ್. ಮಗಳ ಮ್ಯಾಲ ನಿಮಗ ಎಷ್ಟ ಕಳಕಳಿ ಐತಿ ಗೊತ್ತೈತಿ. ನೀವ ಹೇಳ್ರಿ, ನೀವು ಹೇಳಿದಂಗ ಮಾಡ್ತೇನಿ. ನಮ್ಮವ್ವನ್ನ ಯಾರು ಹೊಳ್ಳಸಬೇಕ್ರಿ?"

ಅಷ್ಟರಲ್ಲಿ ಚಹಾ ಬಂತು. ಮಾಸ್ತರರು ಚಹಾ ಕುಡಿದರು. ಒಳಗೆ ಭಾಗ್ಯಶ್ರೀ ಒಂದು ಕೈ ಮುದುಕಿಯ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು, "ಆಯೀ, ಈ ಕಡೆ ಬಾ," ಎನ್ನುತ್ತ ಹೊರಳಿಸುತ್ತಿದ್ದಳು. ಎರಡು ನಿಮಿಷದ ಕೆಲಸ. ಅದು ಮುಗಿದ ಮೇಲೆ ಮತ್ತೆ ಕಣ್ಣು ಹತ್ತಲು ಎಷ್ಟು ಹೊತ್ತು ಬೇಕೆಂದು ಅವರು ಫೋನಿನಲ್ಲಿ ನೋಡಿದ್ದರು. ಒಮ್ಮೊಮ್ಮೆ ನಲವತ್ತು ನಿಮಿಷ.

ಸುಮ್ಮನೆ ಕೂರುವ ಆಸಾಮಿಯಲ್ಲ ಅವರು. ತಾವಾಗಿಯೇ ಗಾಳಿ ತುಂಬಿ ಇಳಿಸುವ ಹಾಸಿಗೆಗಳು ಇರುತ್ತವೆ, ಅವುಗಳ ಮೇಲೆ ಮಲಗಿದವರನ್ನು ಅಷ್ಟು ಸಲ ಹೊರಳಿಸಬೇಕಾಗಿಲ್ಲ ಎಂದು ನರ್ಸಮ್ಮನಿಂದ ತಿಳಿಯಿತು. ತನ್ವೀರ ತನ್ನ ಸಂಬಂಧಿಕರ ಮನೆಯಲ್ಲಿ ಬಿದ್ದಿದ್ದ ಅಂಥದೊಂದನ್ನು ಬಸ್ಸಿಗೆ ಹಾಕಿ ಕಳಿಸಿದ. ಮಾಸ್ತರರೇ ಹೋಗಿ ಹಾಸಿ, ಪ್ಲಗ್ ಚುಚ್ಚಿ ಬಂದರು. ಹಾಸಿಗೆ ಕೆಳಗೆ ಅಲುಗಾಡತೊಡಗಿದೊಡನೆ ಹೊಳೆವ್ವ ಎಡಗೈಯಿಂದ ಹೊರಸಿನ ಹುರಿ ಹಿಡಿದುಕೊಂಡು ಚೀರಿದಳು. ನೆಲವೇ ಕದಲುತ್ತಿದೆ ಎಂದು ಆ ಜೀವಕ್ಕೆ ಅನಿಸಿತೋ ಏನೋ. ಅವಳ ತೊದಲು ಯಾರಿಗೂ ತಿಳಿಯಲಿಲ್ಲ. ಎರಡು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಮೂರನೆಯ ದಿನ ಮೈಲಾರಲಿಂಗಪ್ಪ ಹಾಸಿಗೆಯನ್ನು ಮಡಚಿ ಶಾಲೆಗೆ ತಂದುಕೊಟ್ಟ. "ತಪ್ಪ ತಿಳಕೋಬ್ಯಾಡ್ರಿ ಸರ್," ಎಂದ. ಆ ಮುಂಜಾನೆ ಭಾಗ್ಯಶ್ರೀಯ ಅಂಕಿ ಹದಿನೈದು.

ಜಿಲ್ಲಾ ಕೂಟಕ್ಕೆ ಹದಿನೈದು ದಿನ ಉಳಿದಾಗ ದಿಲ್ಶಾದ ಒಂದು ಮಾತು ಹೇಳಿದರು. "ಹುಡುಗೀನ್ನ ಒಂದು ವಾರ ನಮ್ಮ ಮನ್ಯಾಗ ಇಟ್ಕೊಳ್ಳೂಣ್ರಿ. ನಿಖತಳ ಮಗ್ಗಲಾಗ ಮಲಗ್ತಾಳ." ನಿಖತ ಅವರ ಮಗಳು, ಅದೇ ಶಾಲೆಯ ಒಂಬತ್ತನೇ ಇಯತ್ತೆ. ಮೈಲಾರಲಿಂಗಪ್ಪ ಕೂಡಲೇ ಒಪ್ಪಿದ. ಆ ವಾರ ಬಾಡಿಗೆ ಹಿಡಿಯದೆ ಮನೆಯಲ್ಲಿದ್ದು ತಾನೇ ತಾಯಿಯನ್ನು ನೋಡಿಕೊಳ್ಳುವೆನೆಂದ.

ಮೊದಲ ರಾತ್ರಿ ಭಾಗ್ಯಶ್ರೀ ಊಟದ ತಾಟಿನ ಮುಂದೆಯೇ ತೂಕಡಿಸಿದಳು. ಮುಂಜಾನೆ ಅಂಕಿ ಐವತ್ತೆಂಟು. ಎರಡನೆಯ ಮುಂಜಾನೆ ಎಂಬತ್ತೊಂದು, ಹಚ್ಚ ಹಸಿರು. ಅಕ್ಬರಸಾಬರು ಫೋನು ಹಿಡಿದು ಅಡುಗೆಮನೆಗೆ ಓಡಿದರು. ಅವತ್ತು ಅವಳು ಎಂಟು ಸುತ್ತು ಓಡಿದಳು. ಕಾಲು ನೆಲಕ್ಕೆ ತಾಗಿದ ಸದ್ದೇ ಬರಲಿಲ್ಲ.

ಮೂರನೆಯ ಸಂಜೆ ಅವಳು ಮಾಸ್ತರರ ಮನೆಗೆ ಬರಲಿಲ್ಲ. ತನ್ನ ಮನೆಗೆ ಹೋಗಿದ್ದಳು.

ಮರುದಿನ ಕೇಳಿದರೆ ತಲೆ ತಗ್ಗಿಸಿ ಹೇಳಿದಳು. "ಅಪ್ಪ ಹೊಳ್ಳಸಿದ್ರ ಹೊಳ್ಳತಾಳ್ರಿ. ಆದ್ರ ಅರಿವಿ ಬದಲಿ ಮಾಡಾಕ ಅಪ್ಪಗ ಬಿಡಂಗಿಲ್ಲ. ಮಗ ಅಲ್ರಿ ಸರ್, ಗಂಡಮಗ. ಎಡಗೈಲೆ ಸೀರಿ ಬಿಗಿಯಾಗಿ ಹಿಡಕೊಂಡ ಬಿಡ್ತಾಳಂತ. ಅವ್ವ ಏಳೂತನಕಾ ಎರಡೂ ರಾತ್ರಿ ಹಸಿ ಅರಿವ್ಯಾಗ ಬಿದ್ದಾಳ್ರಿ. ನಾ ಇದ್ರ ಸುಮ್ಮನ ಇರ್ತಾಳು."

ಮಾಸ್ತರರಿಗೂ ಸವಣೂರಿನಲ್ಲಿ ತಾಯಿ ಇದ್ದಳು, ಬಿಬಿಜಾನ. ಕೊನೆಯ ಕಾಲದಲ್ಲಿ ಅವಳೂ ಹೀಗೇ ಮಗನ ಕೈ ಸರಿಸಿ ಸೊಸೆಯನ್ನು ಕರೆಯುತ್ತಿದ್ದಳು. ಮನೆಗೆ ಬಂದು ಹೆಂಡತಿಗೆ ಹೇಳಿದರು. ದಿಲ್ಶಾದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಹುಡುಗಿ ಹೋಗಿದ್ದು ಬರೋಬ್ಬರಿ ಆತು," ಎಂದರು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, "ಆದ್ರೂ ಅದು ಕೂಸ ಐತ್ರಿ," ಎಂದರು.

ಅಂಕಿ ಮತ್ತೆ ಇಳಿಯಿತು. ನಲವತ್ತು, ಮೂವತ್ತು, ಇಪ್ಪತ್ತೆರಡು. ಈಗ ಅಕ್ಬರಸಾಬರಿಗೆ ಆ ಅಂಕಿಯ ಹಿಂದಿನದೆಲ್ಲ ಓದಲು ಬರುತ್ತಿತ್ತು. ಮೂವತ್ತು ಇದ್ದರೆ ರಾತ್ರಿ ಅಪ್ಪ ಮನೆಯಲ್ಲಿದ್ದ, ಇಪ್ಪತ್ತೆರಡಾದರೆ ಇರಲಿಲ್ಲ. ಮಲಗಿದಾಗಲೂ ನಾಡಿ ಏರಿದ್ದರೆ ಮುದುಕಿಗೆ ಜ್ವರ ಬಂದು ಹುಡುಗಿ ಹೆದರಿದ್ದಾಳೆ. ಎಲ್ಲವೂ ಗೊತ್ತಾಗುತ್ತಿತ್ತು. ಅವರ ಕೈಯಲ್ಲಿದ್ದದ್ದು ಓಟದ ಸುತ್ತು ಕಡಿಮೆ ಮಾಡುವುದೊಂದೇ. ಕಡಿಮೆ ಮಾಡಿ ಮಾಡಿ ಕೊನೆಗೆ ಎರಡೇ ಸುತ್ತು ಉಳಿದಿದ್ದವು. ಮೊದಲಾಗಿದ್ದರೆ ಅವಳ ನಗುಮುಖ ನಂಬಿ ಓಡಿಸುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ, ಅದೇ ವಾಸಿಯಿತ್ತೇ ಎಂದು ಒಮ್ಮೊಮ್ಮೆ ಯೋಚಿಸುತ್ತಿದ್ದರು. ಯೋಚಿಸಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟಾಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ಹಾವೇರಿಯಲ್ಲಿ ಜಿಲ್ಲಾ ಕೂಟ ನಡೆಯಿತು. ಹಿರೇಕೆರೂರು, ಹಾನಗಲ್ಲು, ಸವಣೂರು, ಎಲ್ಲ ತಾಲೂಕಿನ ಮಕ್ಕಳು ಬಣ್ಣಬಣ್ಣದ ಬನಿಯನ್ ತೊಟ್ಟು ಬಂದಿದ್ದರು. ಭಾಗ್ಯಶ್ರೀಯ ಅಂಕಿ ಹದಿನೇಳು. ಮಾಸ್ತರರು ಪೆಂಡಾಲಿನ ಹಿಂದೆ ಹೋಗಿ ತನ್ವೀರನಿಗೆ ಫೋನು ಮಾಡಿದರು.

"ಓಡಸಬ್ಯಾಡ್ರಿ ಸರ್."

"ಓಡಿದ್ರ ಏನಾಗ್ತೈತಿ?"

"ಅಪಾಯ ಅಂತ ಹೇಳಾಂಗಿಲ್ರಿ. ಅದು ಒಂದು ಅಂದಾಜಷ್ಟ, ತಪ್ಪೂ ಇರಬಹುದು. ಆದ್ರ ಎರಡು ತಿಂಗಳಿಂದ ಒಂದ ಮಾತ ಹೇಳಾಕತ್ತೈತಿ ಅಲ್ರಿ."

ಅವರು ಹುಡುಗಿಯ ಬಳಿ ಬಂದು ಮಂಡಿಯೂರಿ ಕೂತರು. "ಎದಿ ಡವಡವ ಅಂತೈತೇನು? ತಲಿ ತಿರಗತೈತೇನು?"

"ಇಲ್ರಿ ಸರ್."

"ಇವತ್ತ ಬ್ಯಾಡ ಅಂದ್ರ?"

ಭಾಗ್ಯಶ್ರೀ ಬೂಟಿನ ಲೇಸು ಕಟ್ಟುವುದನ್ನು ನಿಲ್ಲಿಸಿದಳು. "ಎಷ್ಟ ತೋರಸಾಕತ್ತೈತ್ರಿ?"

"ಹೇಳಲೇನು?"

"ಬ್ಯಾಡ್ರಿ. ಹೇಳಿದ್ರ ಕಾಲಿಗೆ ಕೇಳಸ್ತೈತಿ." ವಾಚು ಬಿಚ್ಚಿ ಅವರ ಅಂಗೈಯಲ್ಲಿ ಇಟ್ಟಳು. "ವರ್ಷದಾಗ ಇದೊಂದ ದಿನ ಐತ್ರಿ ಸರ್ ನನಗ."

ತಡೆಯಲು ಅವರಿಂದ ಆಗಲಿಲ್ಲ. ಬಿಡಲೂ ಧೈರ್ಯವಿರಲಿಲ್ಲ. ಸೀಟಿ ಹೊಡೆಯುವವರೆಗೂ ಬೇಡ ಎಂಬ ಮಾತು ಬಾಯಿಯಲ್ಲೇ ಇತ್ತು.

ಏಳೂವರೆ ಸುತ್ತಿನ ಓಟ. ನಾಲ್ಕು ಸುತ್ತು ಭಾಗ್ಯಶ್ರೀಯೇ ಮುಂದೆ. ಹಂಸಭಾವಿಯ ಹುಡುಗಿಯರು ಕೂಗಿ ಕೂಗಿ ಗಂಟಲು ಹರಿದುಕೊಂಡರು. ಐದನೆಯ ಸುತ್ತಿನ ತಿರುವಿನಲ್ಲಿ ಒಬ್ಬಳು ಅವಳನ್ನು ದಾಟಿದಳು. ದಾಟಿದವಳ ಬೆನ್ನು ಹಿಡಿಯಲು ಅವಳು ನೋಡಿದಳು, ಕಾಲು ಏಳಲಿಲ್ಲ. ಆಮೇಲೆ ಇಬ್ಬರು ಒಟ್ಟಿಗೆ ದಾಟಿದರು. ಕೊನೆಯ ಸುತ್ತಿನಲ್ಲಿ ಅವಳು ಓಡುತ್ತಿದ್ದಳೋ ನಡೆಯುತ್ತಿದ್ದಳೋ ಹೇಳುವುದು ಕಷ್ಟವಾಗಿತ್ತು. ಎಂಟನೆಯವಳಾಗಿ ಗೆರೆ ದಾಟಿ, ಹುಲ್ಲಿನ ಮೇಲೆ ಕೂತಳು. ಅಳಲಿಲ್ಲ. ನೀರಿನ ಬಾಟಲಿ ಕೊಟ್ಟ ಮಾಸ್ತರರನ್ನು ನಿಜವಾಗಿಯೂ ಗೊತ್ತಾಗದವಳಂತೆ ಕೇಳಿದಳು.

"ಸರ್, ಹ್ವಾದ ವರ್ಷ ಈ ಮೈದಾನ ಇಷ್ಟ ದೊಡ್ಡದಿತ್ತೇನ್ರಿ?"

ಅಕ್ಟೋಬರಿನಲ್ಲಿ ತನ್ವೀರ ಬಂದು ಐದೂ ವಾಚುಗಳನ್ನು ಒರೆಸಿ ಡಬ್ಬಿಗೆ ಹಾಕಿಕೊಂಡ. ಭಾಗ್ಯಶ್ರೀಯ ಅಂಕಿಗಳನ್ನು ಕಂಡು ಅವನ ಗೆಳೆಯರು ಬಹಳ ವಿಚಾರ ಮಾಡುತ್ತಿದ್ದಾರೆ, ಇಷ್ಟು ಸ್ಪಷ್ಟವಾಗಿ ನಿದ್ದೆಯ ಪರಿಣಾಮ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ ಎಂದ. ಅಕ್ಬರಸಾಬರು ಎಲ್ಲ ಕೇಳಿಸಿಕೊಂಡರು.

"ಅವರಿಗೆ ಸಿಕ್ಕಿತಲ್ಲ," ಎಂದರು. "ಆ ಹುಡುಗಿಗೆ ಏನ್ ಮಾಡೂಣೋ, ತನ್ವೀರ?"

ತನ್ವೀರ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಮಾಡಿದ.

ಹೊಳೆವ್ವ ಇನ್ನೂ ಇದ್ದಾಳೆ. ಬೆನ್ನಿಗೆ ಒಂದೂ ಹುಣ್ಣಿಲ್ಲ ಎಂದು ನರ್ಸಮ್ಮ ಬಂದಾಗೆಲ್ಲ ಹೊಗಳುತ್ತಾಳೆ. ಭಾಗ್ಯಶ್ರೀ ಈಗಲೂ ಪಿ.ಟಿ. ಪೀರಿಯಡ್ಡಿಗೆ ಬರುತ್ತಾಳೆ, ಆದರೆ ಓಡುವುದಿಲ್ಲ. ಆಟದ ಸಾಮಾನಿನ ಕೋಣೆಯಲ್ಲಿ ಎತ್ತರ ಜಿಗಿತದ ದಪ್ಪ ಗಾದಿಯ ಮೇಲೆ ಮಲಗಲು ಮಾಸ್ತರರು ಅವಳಿಗೆ ಹೇಳಿದ್ದಾರೆ. ಬಾಗಿಲು ತೆರೆದಿಟ್ಟು, ಅದೇ ಹೊತ್ತಿಗೆ ಪಿ.ಟಿ. ಇರುವ ನಿಖತ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಕೂರುತ್ತಾಳೆ. ಉಳಿದವರನ್ನು ಅವರು ಮೈದಾನದ ಆಚೆಯ ಅಂಚಿಗೆ ಕರೆದೊಯ್ದು ಸದ್ದಿಲ್ಲದ ಆಟ ಆಡಿಸುತ್ತಾರೆ. ಸೀಟಿ ಊದುವುದಿಲ್ಲ, ಕೈ ಎತ್ತಿ ಸನ್ನೆ ಮಾಡುತ್ತಾರೆ.

ವಾರದಲ್ಲಿ ಮೂರು ಪೀರಿಯಡ್ಡು, ಒಂದೊಂದು ನಲವತ್ತು ನಿಮಿಷ. ಇಷ್ಟರಿಂದ ಏನು ತುಂಬುತ್ತದೆ, ಎಷ್ಟು ತುಂಬುತ್ತದೆ ಎಂದು ಹೇಳುವ ಸಾಧನ ಈಗ ಅವರ ಹತ್ತಿರ ಇಲ್ಲ. ಗಂಟೆ ಬಾರಿಸಲು ಐದು ನಿಮಿಷ ಇರುವಾಗ ಅವರು ಕೋಣೆಯ ಹೊರಗೆ ಬಂದು ನಿಲ್ಲುತ್ತಾರೆ. ಮುಂದಿನದು ಗಣಿತ, ತಪ್ಪಿಸುವಂತಿಲ್ಲ, ಮಾರ್ಚಿಗೆ ಪರೀಕ್ಷೆ. ಒಳಗೆ ಹುಡುಗಿ ಬಾಯಿ ತೆರೆದು, ಒಂದು ಕೈ ತಲೆಯ ಕೆಳಗಿಟ್ಟು, ಕೂಸಿನ ಹಾಗೆ ಮಲಗಿರುತ್ತಾಳೆ. ಇನ್ನೊಂದು ನಿಮಿಷ ಎಂದು ಅವರು ನಿಖತಳಿಗೆ ಬೆರಳು ತೋರಿಸುತ್ತಾರೆ. ಆ ನಿಮಿಷವೂ ಮುಗಿಯುತ್ತದೆ.

"ಎಬ್ಬಸವಾ," ಎನ್ನುತ್ತಾರೆ ಆಮೇಲೆ.